ಹುಬ್ಬಳ್ಳಿ–ಮಂಗಳೂರು ವಿಮಾನ: ದೂರದ ಲೆಕ್ಕ ಮತ್ತು ವೇಳೆಯ ಲೆಕ್ಕ

ಉತ್ತರ ಕರ್ನಾಟಕದ ವಾಣಿಜ್ಯೋದ್ಯಮಿಗಳು ಸರ್ಕಾರಕ್ಕೆ ಸಲ್ಲಿಸುವ ಮನವಿಪತ್ರಗಳಲ್ಲಿ ವಿಮಾನ ಸಂಪರ್ಕದ ಬೇಡಿಕೆಗೆ ಖಾಯಂ ಸ್ಥಾನವಿದೆ. ಹುಬ್ಬಳ್ಳಿ ಮತ್ತು ಮಂಗಳೂರುಗಳ ನಡುವೆ ನೇರವಾದ, ನಿಯಮಿತವಾದ ವಿಮಾನ ಸಂಚಾರ ಬೇಕೆಂಬುದು ಅವುಗಳಲ್ಲಿ ಒಂದು. ಬೇಡಿಕೆ ನ್ಯಾಯಯುತವಾದುದೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದನ್ನು ನಾವು ಮಂಡಿಸುತ್ತಿರುವ ರೀತಿಯ ಬಗ್ಗೆ ಸ್ವಲ್ಪ ವಿಚಾರ ಮಾಡಬೇಕಾಗಿದೆ. "ನೇರ ವಿಮಾನ ಬೇಕು" ಎಂಬ ಮಾತಿನೊಂದಿಗೆ ನಮ್ಮ ಮನವಿ ಮುಗಿದುಹೋಗುತ್ತದೆ. ಅದು ಎಷ್ಟು ಗಂಟೆಗೆ ಹೊರಡಬೇಕು, ವಾರಕ್ಕೆ ಎಷ್ಟು ದಿನ ಸಂಚರಿಸಬೇಕು, ಅದರಲ್ಲಿ ವರ್ಷವಿಡೀ ಎಷ್ಟು ಜನ ಪ್ರಯಾಣ ಮಾಡುವರು, ಅವರು ಎಷ್ಟು ದರ ಕೊಡಬಲ್ಲರು ಎಂಬ ವಿವರಗಳು ಅದರಲ್ಲಿ ಇರುವುದಿಲ್ಲ. ಈ ವಿವರಗಳಿಲ್ಲದೆ ಬಂದ ವಿಮಾನ ವ್ಯಾಪಾರಿಗೆ ಹೆಚ್ಚು ಉಪಯೋಗಕ್ಕೆ ಬಾರದು. ಉಪಯೋಗಕ್ಕೆ ಬಾರದ ವಿಮಾನ ಬಹುಕಾಲ ಉಳಿಯಲಾರದು. ಇದನ್ನು ಅಂಕಿಗಳ ಮೂಲಕ ಸದಸ್ಯ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಎರಡು ನಗರಗಳ ವ್ಯಾಪಾರದ ನಂಟು

ಹುಬ್ಬಳ್ಳಿಯು ಹತ್ತಿ, ಮೆಣಸಿನಕಾಯಿ, ಕಾಳುಕಡಿಗಳ ಸೀಮೆಯ ಪೇಟೆ. ಗೋಕುಲ ರಸ್ತೆ ಮತ್ತು ತಾರಿಹಾಳದ ಕೈಗಾರಿಕಾ ವಸಾಹತುಗಳಲ್ಲಿ ಯಂತ್ರಭಾಗಗಳನ್ನು ತಯಾರಿಸುವ ಸಣ್ಣ ಘಟಕಗಳಿರುವ ಊರು. ಮಂಗಳೂರಿನ ಪಣಂಬೂರಿನಲ್ಲಿ ರಾಜ್ಯದ ಏಕೈಕ ಪ್ರಮುಖ ಬಂದರು ಇದೆ. ಅದರ ಸುತ್ತಮುತ್ತ ತೈಲ ಶುದ್ಧೀಕರಣ, ರಸಗೊಬ್ಬರ, ಗೋಡಂಬಿ ಸಂಸ್ಕರಣೆಗಳಂಥ ಉದ್ಯಮಗಳು ಬೆಳೆದಿವೆ. ಶಿರಸಿ, ಸಿದ್ದಾಪುರಗಳ ಅಡಿಕೆ ಬೆಳೆಗಾರರಿಗೂ ಕರಾವಳಿಯ ಅಡಿಕೆ ವರ್ತಕರಿಗೂ ಬಹುಕಾಲದ ವ್ಯವಹಾರವಿದೆ. ಇದಲ್ಲದೆ ಮಂಗಳೂರು ಮತ್ತು ಮಣಿಪಾಲಗಳ ಆಸ್ಪತ್ರೆಗಳಿಗೆ ಹೋಗುವ ರೋಗಿಗಳು, ಅಲ್ಲಿನ ಕಾಲೇಜುಗಳಲ್ಲಿ ಓದುವ ನಮ್ಮ ಮಕ್ಕಳು, ಮಂಗಳೂರಿನಿಂದ ಕೊಲ್ಲಿ ದೇಶಗಳಿಗೆ ವಿಮಾನವೇರುವವರು ಇದ್ದಾರೆ. ಹೀಗಾಗಿ ಪ್ರಯಾಣಿಕರೇ ಇಲ್ಲವೆಂಬ ವಾದ ನಿಲ್ಲಲಾರದು. ಇರುವ ಪ್ರಯಾಣಿಕರ ಲೆಕ್ಕವನ್ನು ಯಾರೂ ಬರೆದಿಟ್ಟಿಲ್ಲವೆಂಬುದೇ ಕೊರತೆ.

ಆಕಾಶದ ದೂರ, ನೆಲದ ದೂರ

ಎರಡು ವಿಮಾನ ನಿಲ್ದಾಣಗಳ ಅಕ್ಷಾಂಶ ರೇಖಾಂಶಗಳನ್ನು ಹಿಡಿದು ಲೆಕ್ಕ ಹಾಕಿದರೆ ಹುಬ್ಬಳ್ಳಿಯಿಂದ ಮಂಗಳೂರಿಗೆ ನೇರ ದೂರ ಸುಮಾರು 268 ಕಿ.ಮೀ. ಆಗುತ್ತದೆ. ಮಂಗಳೂರು ಹುಬ್ಬಳ್ಳಿಗೆ ಹೆಚ್ಚುಕಡಿಮೆ ನೇರ ದಕ್ಷಿಣದಲ್ಲಿದೆ. ರಸ್ತೆಯಲ್ಲಾದರೆ ಯಲ್ಲಾಪುರ, ಅಂಕೋಲಾ ಅಥವಾ ಶಿರಸಿ, ಕುಮಟಾ ಮಾರ್ಗವಾಗಿ ಘಟ್ಟವಿಳಿದು ಕರಾವಳಿಯ ಹೆದ್ದಾರಿಯನ್ನು ಸೇರಬೇಕು. ಆ ದೂರ 350 ಕಿ.ಮೀ.ಗಿಂತ ಹೆಚ್ಚು, ಕಾರಿನಲ್ಲಿ ಊಟೋಪಚಾರ ಸೇರಿ ಏಳರಿಂದ ಎಂಟು ಗಂಟೆಗಳ ಪ್ರಯಾಣ.

ನೇರ ವಿಮಾನವಿಲ್ಲದಾಗ ಬೆಂಗಳೂರಿಗೆ ಹೋಗಿ ಅಲ್ಲಿಂದ ಬೇರೆ ವಿಮಾನ ಹಿಡಿಯಬೇಕು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಆಕಾಶಮಾರ್ಗದಲ್ಲಿ ಸುಮಾರು 371 ಕಿ.ಮೀ., ಬೆಂಗಳೂರಿನಿಂದ ಮಂಗಳೂರಿಗೆ ಸುಮಾರು 306 ಕಿ.ಮೀ. ಒಟ್ಟು 677 ಕಿ.ಮೀ. ಅಂದರೆ 268 ಕಿ.ಮೀ. ದೂರದ ಊರನ್ನು ತಲುಪಲು ಅದರ ಎರಡೂವರೆ ಪಟ್ಟು ದೂರ ಹಾರಬೇಕಾಗುತ್ತದೆ. ಇದು ನಮ್ಮ ಎರಡು ನಗರಗಳಿಗೆ ಮಾತ್ರ ಸೀಮಿತವಾದ ಸಮಸ್ಯೆಯಲ್ಲ. ರಾಜ್ಯದ ವಿಮಾನ ಜಾಲವು ಬಂಡಿಯ ಗಾಲಿಯ ಅರಗಳಂತೆ ಬೆಂಗಳೂರಿನ ಗುಂಬದಿಂದಲೇ ಹೊರಡುತ್ತದೆ. ಒಂದು ಅರದ ತುದಿಯಿಂದ ಇನ್ನೊಂದರ ತುದಿಗೆ ಹೋಗಬೇಕಾದವರು ಗುಂಬಕ್ಕೆ ಹೋಗಿಯೇ ಹೋಗಬೇಕು.

ಇನ್ನು ಹಾರಾಟದ ವೇಳೆ. ಇಂಥ ಸಣ್ಣ ಮಾರ್ಗಗಳಲ್ಲಿ ಸಾಮಾನ್ಯವಾಗಿ ಬಳಕೆಯಾಗುವ ಎಟಿಆರ್-72 ವಿಮಾನ ಗಂಟೆಗೆ ಸುಮಾರು 500 ಕಿ.ಮೀ. ವೇಗದಲ್ಲಿ ಸಾಗುತ್ತದೆ. ಆ ವೇಗದಲ್ಲಿ 268 ಕಿ.ಮೀ.ಗೆ 32 ನಿಮಿಷ ಸಾಕು. ಆದರೆ ವೇಳಾಪಟ್ಟಿಯಲ್ಲಿ ಸುಮಾರು ಒಂದು ಗಂಟೆಯನ್ನೇ ಕಾಣಿಸಬೇಕಾಗುತ್ತದೆ. ವಿಮಾನ ತಾನು ನಿಂತ ಜಾಗದಿಂದ ಕದಲಿದ ಗಳಿಗೆಯಿಂದ ಮತ್ತೊಂದು ನಿಲ್ದಾಣದಲ್ಲಿ ನಿಲ್ಲುವವರೆಗಿನ ವೇಳೆಯನ್ನು ಕಂಪನಿಗಳು ಲೆಕ್ಕ ಹಿಡಿಯುತ್ತವೆ. ರನ್‌ವೇವರೆಗೆ ಸಾಗುವುದು, ಅನುಮತಿಗೆ ಕಾಯುವುದು, ಮೇಲೇರುವುದು, ವಾಯುಸಂಚಾರ ನಿಯಂತ್ರಕರು ಸೂಚಿಸಿದ ಮಾರ್ಗದಲ್ಲಿ ತಿರುಗಿ ರನ್‌ವೇಯ ದಿಕ್ಕಿಗೆ ಬಂದು ಇಳಿಯುವುದು, ಇವೆಲ್ಲ ಅದರಲ್ಲಿ ಸೇರುತ್ತವೆ. ದೂರ ಹೆಚ್ಚಾಗಲಿ ಕಡಿಮೆಯಾಗಲಿ ಈ ವೇಳೆ ಬಹುಮಟ್ಟಿಗೆ ಒಂದೇ. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ ಇದು ಸ್ಥಿರ ವೆಚ್ಚ. ಮಾರಾಟ ಕಡಿಮೆಯಾದಷ್ಟೂ ಸ್ಥಿರ ವೆಚ್ಚದ ಭಾರ ಹೆಚ್ಚಾಗುವಂತೆ, ದೂರ ಕಡಿಮೆಯಾದಷ್ಟೂ ಈ ವೇಳೆಯ ಭಾರ ಹೆಚ್ಚಾಗುತ್ತದೆ.

ಮನೆಯ ಬಾಗಿಲಿನಿಂದ ಕಚೇರಿಯ ಬಾಗಿಲಿಗೆ

ವಿಮಾನದ ಜಾಹೀರಾತಿನಲ್ಲಿ ಕಾಣುವ ಒಂದು ಗಂಟೆ ಪ್ರಯಾಣಿಕನ ಪೂರ್ಣ ವೇಳೆಯಲ್ಲ. ಅವನ ವೇಳೆ ಆರಂಭವಾಗುವುದು ಮನೆಯ ಬಾಗಿಲಿನಲ್ಲಿ, ಮುಗಿಯುವುದು ಕೆಲಸದ ಸ್ಥಳದಲ್ಲಿ. ಹುಬ್ಬಳ್ಳಿಯ ಒಬ್ಬ ವರ್ತಕರು ನೇರ ವಿಮಾನದಲ್ಲಿ ಮಂಗಳೂರಿಗೆ ಹೋಗುವುದಾದರೆ ಒಂದು ಸಾಧಾರಣ ಲೆಕ್ಕ ಹೀಗಿದ್ದೀತು:

ಮನೆಯಿಂದ ಗೋಕುಲ ರಸ್ತೆಯ ನಿಲ್ದಾಣಕ್ಕೆ — 30 ನಿಮಿಷ
ಮುಂಚಿತವಾಗಿ ಹಾಜರಾಗಿ ಕಾಯಬೇಕಾದ ವೇಳೆ — 1 ಗಂಟೆ 15 ನಿಮಿಷ
ವೇಳಾಪಟ್ಟಿಯಂತೆ ವಿಮಾನದ ವೇಳೆ — 1 ಗಂಟೆ
ಇಳಿದು, ಸಾಮಾನು ಪಡೆದು ಹೊರಬರಲು — 25 ನಿಮಿಷ
ಬಜ್ಪೆಯಿಂದ ನಗರಕ್ಕೆ — 40 ನಿಮಿಷ
ಒಟ್ಟು — 3 ಗಂಟೆ 50 ನಿಮಿಷ

ಕಾರಿನ ಪ್ರಯಾಣವನ್ನು ಏಳೂವರೆ ಗಂಟೆಯೆಂದು ಹಿಡಿದರೆ ಒಂದು ಕಡೆಗೆ 3 ಗಂಟೆ 40 ನಿಮಿಷ, ಹೋಗಿಬರಲು 7 ಗಂಟೆ 20 ನಿಮಿಷ ಉಳಿತಾಯವಾಗುತ್ತದೆ. ಇದು ಹೆಚ್ಚುಕಡಿಮೆ ಒಂದು ದುಡಿಮೆಯ ದಿನ. ಅಲ್ಪವೆಂದು ತಳ್ಳಿಹಾಕುವಂತಿಲ್ಲ.

ಈಗ ಬೆಂಗಳೂರಿನ ಮಾರ್ಗವನ್ನು ನೋಡೋಣ. ಮನೆಯಿಂದ ನಿಲ್ದಾಣಕ್ಕೆ 30 ನಿಮಿಷ, ಹಾಜರಾಗಿ ಕಾಯುವುದಕ್ಕೆ 1 ಗಂಟೆ 15 ನಿಮಿಷ, ಮೊದಲ ವಿಮಾನಕ್ಕೆ 1 ಗಂಟೆ 10 ನಿಮಿಷ, ಬೆಂಗಳೂರಿನಲ್ಲಿ ಎರಡೂವರೆ ಗಂಟೆ ಕಾಯುವಿಕೆ, ಎರಡನೆಯ ವಿಮಾನಕ್ಕೆ 1 ಗಂಟೆ 5 ನಿಮಿಷ, ಹೊರಬರಲು 25 ನಿಮಿಷ, ನಗರಕ್ಕೆ 40 ನಿಮಿಷ. ಒಟ್ಟು 7 ಗಂಟೆ 35 ನಿಮಿಷ. ಕಾರಿಗಿಂತ ಐದು ನಿಮಿಷ ಹೆಚ್ಚೇ ಆಯಿತು. ಬೆಂಗಳೂರಿನಲ್ಲಿ ಕಾಯುವ ವೇಳೆ ನಾಲ್ಕು ಗಂಟೆಯಾದರಂತೂ ಎರಡು ಟಿಕೆಟ್‌ಗಳ ಹಣ ಕೊಟ್ಟು ಕಾರಿಗಿಂತ ನಿಧಾನವಾಗಿ ಹೋದಂತಾಗುತ್ತದೆ.

ಮೇಲಿನ ಮೊದಲ ಪಟ್ಟಿಯಲ್ಲಿ ಇನ್ನೊಂದು ಸಂಗತಿ ಗಮನಾರ್ಹವಾಗಿದೆ. ನೇರ ವಿಮಾನದ 3 ಗಂಟೆ 50 ನಿಮಿಷಗಳಲ್ಲಿ ವಿಮಾನದ ಪಾಲು ಒಂದೇ ಗಂಟೆ. ಉಳಿದ ಮುಕ್ಕಾಲು ಭಾಗ ನೆಲದ ಮೇಲೆಯೇ ಕಳೆಯುತ್ತದೆ. ನೆಲದ ಮೇಲಿನ ಈ ವೇಳೆಯಲ್ಲಿ ಅರ್ಧ ಗಂಟೆಯನ್ನು ಕಡಿಮೆ ಮಾಡಲು ಸಾಧ್ಯವಾದರೆ ಅದು ವಿಮಾನದ ವೇಗವನ್ನು ಎರಡು ಪಟ್ಟು ಮಾಡಿದ್ದಕ್ಕೆ ಸಮ. ನಿಲ್ದಾಣದ ರಸ್ತೆ, ವಿಮಾನದ ವೇಳೆಗೆ ಹೊಂದುವ ಬಸ್ಸು, ನಿಗದಿತ ದರದ ಟ್ಯಾಕ್ಸಿ ಇವು ಮನವಿಪತ್ರಗಳಲ್ಲಿ ಕೊನೆಯ ಸಾಲಿನಲ್ಲಿ ಬರುವ ವಿಷಯಗಳು. ಲೆಕ್ಕದ ಪ್ರಕಾರ ಅವು ಮೊದಲ ಸಾಲಿನಲ್ಲಿರಬೇಕು.

ವೇಳಾಪಟ್ಟಿ ತಪ್ಪಿದರೆ ಲಾಭವಿಲ್ಲ

ನೇರ ವಿಮಾನ ಬಂದ ಮಾತ್ರಕ್ಕೆ ಮೇಲೆ ಹೇಳಿದ ಉಳಿತಾಯ ಕೈಸೇರುತ್ತದೆಂದು ಭಾವಿಸಬಾರದು. ಬೆಳಗ್ಗೆ 7 ಗಂಟೆಗೆ ಹುಬ್ಬಳ್ಳಿಯಿಂದ ಹೊರಟು ಸಂಜೆ ಆರೂವರೆಗೆ ಮಂಗಳೂರಿನಿಂದ ಮರಳುವ ವಿಮಾನವಿದ್ದರೆ ವರ್ತಕರಿಗೆ 9 ಗಂಟೆಯಿಂದ ನಾಲ್ಕೂವರೆಯವರೆಗೆ ಪೂರ್ಣ ಕೆಲಸದ ದಿನ ದೊರೆಯುತ್ತದೆ. ವಸತಿಗೃಹದ ಖರ್ಚಿಲ್ಲ, ರಾತ್ರಿ ಮನೆ ಸೇರಬಹುದು. ಅದೇ ವಿಮಾನ ಬೆಳಗ್ಗೆ 11ಕ್ಕೆ ಹೊರಟು ಮಧ್ಯಾಹ್ನವೇ ಹಿಂದಿರುಗುವುದಾದರೆ ನಗರ ತಲುಪುವಾಗ ಒಂದು ಗಂಟೆ ಮೀರಿರುತ್ತದೆ. ಊಟ ಮುಗಿಸಿ ಕಚೇರಿಗೆ ಹೋದರೆ ಸಿಗುವುದು ಮೂರು ಗಂಟೆಯ ಕೆಲಸ. ರಾತ್ರಿ ಅಲ್ಲಿಯೇ ತಂಗಿ ಮರುದಿನ ಹೊರಡಬೇಕು. ವಿಮಾನ ವಾರಕ್ಕೆ ಮೂರೇ ದಿನವೆಂದಾದರೆ ಮಂಗಳವಾರ ಹೋದವರು ಗುರುವಾರದವರೆಗೆ ಕಾಯಬೇಕು. ಕಾಯಲು ಮನಸ್ಸಿಲ್ಲದವರು ಬುಧವಾರ ಬಸ್ಸು ಹತ್ತುತ್ತಾರೆ. ಹಾಗೆ ಬಸ್ಸು ಹತ್ತಿದವರು ಮತ್ತೊಮ್ಮೆ ವಿಮಾನದ ಟಿಕೆಟ್ ಕೊಳ್ಳುವ ಮುನ್ನ ಎರಡು ಸಲ ಯೋಚಿಸುತ್ತಾರೆ.

ಸಣ್ಣ ನಗರಗಳ ಜೋಡಿಗೆ ನಡುಹಗಲಿನ ವೇಳೆಯೇ ಸಿಗುವುದಕ್ಕೂ ಕಾರಣವಿದೆ. ವಿಮಾನಗಳು ರಾತ್ರಿ ತಂಗುವುದು ಹೆಚ್ಚಾಗಿ ಬೆಂಗಳೂರು, ಹೈದರಾಬಾದುಗಳಂಥ ದೊಡ್ಡ ನಿಲ್ದಾಣಗಳಲ್ಲಿ. ಬೆಳಗಿನ ಮತ್ತು ಸಂಜೆಯ ಬೆಲೆಬಾಳುವ ವೇಳೆಯನ್ನು ದೊಡ್ಡ ಮಾರ್ಗಗಳಿಗೆ ಮೀಸಲಿಟ್ಟು ಮಧ್ಯದ ಬಿಡುವಿನಲ್ಲಿ ಸಣ್ಣ ಮಾರ್ಗವನ್ನು ಹೊಂದಿಸುತ್ತಾರೆ. ಕಂಪನಿಯ ದೃಷ್ಟಿಯಿಂದ ಇದು ಸರಿಯಾದ ಲೆಕ್ಕವೇ. ಬೆಳಗ್ಗೆ 7ಕ್ಕೆ ಹುಬ್ಬಳ್ಳಿಯಿಂದ ವಿಮಾನ ಹೊರಡಬೇಕಾದರೆ ಹಿಂದಿನ ರಾತ್ರಿ ಒಂದು ವಿಮಾನ, ಅದರ ಸಿಬ್ಬಂದಿಯೊಂದಿಗೆ, ಹುಬ್ಬಳ್ಳಿಯಲ್ಲಿ ತಂಗಬೇಕು. ಆದ್ದರಿಂದ ನಮ್ಮ ನಿಜವಾದ ಬೇಡಿಕೆ ರಾತ್ರಿ ತಂಗುವ ವಿಮಾನದ್ದಾಗಿರಬೇಕು. ಅಂಥ ವಿಮಾನ ಮಂಗಳೂರಿಗೆ ಮಾತ್ರವಲ್ಲ, ಬೇರೆ ಊರುಗಳಿಗೆ ಬೆಳಗ್ಗೆ ಬೇಗ ಹೊರಡಬೇಕಾದವರಿಗೂ ಅನುಕೂಲ ಮಾಡಿಕೊಡುತ್ತದೆ.

ಒಂದು ಗಂಟೆಯ ಬೆಲೆ ಎಷ್ಟು?

ನಮ್ಮ ಲೆಕ್ಕದ ಪುಸ್ತಕಗಳಲ್ಲಿ ಪ್ರವಾಸ ವೆಚ್ಚದ ಖಾತೆ ಇರುತ್ತದೆ; ಟಿಕೆಟ್, ಟ್ಯಾಕ್ಸಿ, ಊಟ, ವಸತಿ ಎಲ್ಲದಕ್ಕೂ ವೋಚರು ಇರುತ್ತದೆ. ದಾರಿಯಲ್ಲಿ ಕಳೆದ ಗಂಟೆಗಳಿಗೆ ಮಾತ್ರ ವೋಚರು ಇಲ್ಲ. ಆ ಕಾರಣದಿಂದಲೇ ಮಾಲೀಕರು ತಮ್ಮ ವೇಳೆಯನ್ನು ಪುಕ್ಕಟೆಯೆಂದು ತಿಳಿಯುವ ರೂಢಿ ಬೆಳೆದಿದೆ.

ವರ್ಷಕ್ಕೆ 12 ಲಕ್ಷ ರೂಪಾಯಿ ಗಳಿಸುವ ಒಬ್ಬ ಸಣ್ಣ ಉದ್ಯಮಿಯನ್ನು ಉದಾಹರಣೆಗಾಗಿ ತೆಗೆದುಕೊಳ್ಳೋಣ. ವರ್ಷಕ್ಕೆ 300 ದಿನ, ದಿನಕ್ಕೆ 8 ಗಂಟೆಯಂತೆ 2,400 ಗಂಟೆ ದುಡಿದರೆ ಅವರ ಒಂದು ಗಂಟೆಯ ಬೆಲೆ 500 ರೂಪಾಯಿ. ಹೋಗಿಬರುವುದರಲ್ಲಿ ಉಳಿಯುವ 7 ಗಂಟೆ 20 ನಿಮಿಷದ ಬೆಲೆ ಸುಮಾರು 3,700 ರೂಪಾಯಿ. ಕಾರಿನ ಖರ್ಚು ಕಿ.ಮೀ.ಗೆ 12 ರೂಪಾಯಿಯಂತೆ, ಹೋಗಿಬರುವ 720 ಕಿ.ಮೀ.ಗೆ 8,640 ರೂಪಾಯಿ. ಕಾರಿನಲ್ಲಿ ಹೋದರೆ ಒಂದು ರಾತ್ರಿ ತಂಗುವುದು ಅನಿವಾರ್ಯ. ಅದಕ್ಕೆ 2,500 ರೂಪಾಯಿ. ಮೂರನ್ನೂ ಕೂಡಿಸಿದರೆ ಸುಮಾರು 14,800 ರೂಪಾಯಿ. ಅಂದರೆ ಅದೇ ದಿನ ಮರಳಿಸುವ ವಿಮಾನದಲ್ಲಿ ಟಿಕೆಟ್ ಮತ್ತು ಎರಡೂ ಕಡೆಯ ಟ್ಯಾಕ್ಸಿ ಸೇರಿ ಈ ಮೊತ್ತದವರೆಗೆ ಖರ್ಚು ಮಾಡಿದರೂ ಅವರಿಗೆ ನಷ್ಟವಿಲ್ಲ.

ಅದೇ ಕಾರಿನಲ್ಲಿ ಮೂವರು ಕೂಡಿ ಹೋಗುವುದಾದರೆ ತಲಾ ಕಾರಿನ ಖರ್ಚು 2,880 ರೂಪಾಯಿಗೆ ಇಳಿಯುತ್ತದೆ. ಆಗ ಪ್ರತಿಯೊಬ್ಬರ ಮಿತಿ ಸುಮಾರು 9,000 ರೂಪಾಯಿ. ವಿಮಾನದ ವೇಳಾಪಟ್ಟಿ ಒಂದು ರಾತ್ರಿ ತಂಗುವಂತೆ ಮಾಡಿದರೆ ವಸತಿಯ ಉಳಿತಾಯ ಕಳೆದುಹೋಗಿ ಆ ಮಿತಿ 6,500ಕ್ಕೆ ಬರುತ್ತದೆ. ವಾರಕ್ಕೆ ಮೂರೇ ದಿನದ ಸಂಚಾರದಿಂದ ಇನ್ನೊಂದು ರಾತ್ರಿ ಮತ್ತು ಒಂದು ಪೂರ್ಣ ದಿನ ವ್ಯರ್ಥವಾದರೆ, 2,500 ಮತ್ತು 4,000 ಸೇರಿ 6,500 ರೂಪಾಯಿ ಮತ್ತೆ ಕಳೆಯಬೇಕು. ಉಳಿಯುವುದು ಸೊನ್ನೆ. ಅಂಥ ವಿಮಾನದಲ್ಲಿ ಪುಕ್ಕಟೆಯಾಗಿ ಕರೆದೊಯ್ದರೂ ಆ ಮೂವರಿಗೆ ಲಾಭವಾಗದು. ವೇಳಾಪಟ್ಟಿಯ ಮಹತ್ವವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಅಗತ್ಯವಿಲ್ಲ.

ತಿಂಗಳಿಗೆ 30,000 ರೂಪಾಯಿ ಸಂಬಳದ ನೌಕರರನ್ನು ಕಾಗದಪತ್ರ ತಲುಪಿಸಲು ಕಳಿಸುವಾಗ ಲೆಕ್ಕ ಬೇರೆಯಾಗುತ್ತದೆ. ತಿಂಗಳಿಗೆ 200 ಗಂಟೆಯಂತೆ ಅವರ ಗಂಟೆಯ ಬೆಲೆ 150 ರೂಪಾಯಿ, ಉಳಿತಾಯದ ಬೆಲೆ 1,100 ರೂಪಾಯಿ. ಅವರಿಗೆ ರಾತ್ರಿ ಬಸ್ಸು, ಇಲ್ಲವೇ ಹಾಸನ, ಸಕಲೇಶಪುರಗಳ ಮೂಲಕ ಹೋಗುವ ರಾತ್ರಿ ರೈಲೇ ಸೂಕ್ತ. ಮಲಗಿ ಕಳೆಯುವ ರಾತ್ರಿಯನ್ನು ದುಡಿಮೆಯ ವೇಳೆಯಿಂದ ಕಳೆಯಬೇಕಾಗಿಲ್ಲ. ಓದುಗರು ತಮ್ಮ ತಮ್ಮ ಅಂಕಿಗಳನ್ನು ಇಟ್ಟು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡುವುದು ಒಳ್ಳೆಯದು.

ತೆರಿಗೆಯ ಒಂದು ಮಾತು

ವಿಮಾನದ ಸಾಮಾನ್ಯ ದರ್ಜೆಯ ಟಿಕೆಟ್‌ಗೆ ಶೇ. 5ರಷ್ಟು ಜಿಎಸ್‌ಟಿ ಇದೆ. ಮೇಲ್ದರ್ಜೆಗೆ ಇದ್ದ ಶೇ. 12ರ ದರ 2025ರ ಸೆಪ್ಟೆಂಬರ್ 22ರಿಂದ ಶೇ. 18 ಆಗಿದೆ. ಉದ್ಯಮದ ಕೆಲಸಕ್ಕಾಗಿ ಮಾಡಿದ ಪ್ರಯಾಣವಾದರೆ ಈ ತೆರಿಗೆಯನ್ನು ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಆಗಿ ಪಡೆಯಲು ಅವಕಾಶವಿದೆ; ಆದರೆ ಟಿಕೆಟ್ ಕಾದಿರಿಸುವಾಗಲೇ ಸಂಸ್ಥೆಯ ಹೆಸರು ಮತ್ತು ಜಿಎಸ್‌ಟಿ ಸಂಖ್ಯೆಯನ್ನು ನಮೂದಿಸಿರಬೇಕು. ಪ್ರಯಾಣ ಮುಗಿದ ಮೇಲೆ ಬರಿಯ ಬೋರ್ಡಿಂಗ್ ಪಾಸ್ ತಂದು ಲೆಕ್ಕಪರಿಶೋಧಕರ ಮುಂದಿಟ್ಟರೆ ಪ್ರಯೋಜನವಿಲ್ಲ. ಬಾಡಿಗೆ ಕಾರಿನ ಮೇಲಿನ ತೆರಿಗೆಗೆ ಸಾಮಾನ್ಯ ವರ್ತಕರಿಗೆ ಈ ಕ್ರೆಡಿಟ್ ದೊರೆಯದು. ಚಾಲಕನೂ ಸೇರಿ 13 ಜನರವರೆಗಿನ ವಾಹನಗಳನ್ನು ಕಾಯ್ದೆ ನಿರ್ಬಂಧಿಸಿದೆ. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಯಾವ ಕ್ರೆಡಿಟ್ ಕೂಡ ಇಲ್ಲ. ಮೊತ್ತ ಸಣ್ಣದಾದರೂ ಹೋಲಿಕೆ ಮಾಡುವಾಗ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಉಡಾನ್ ಕಲಿಸಿದ ಪಾಠ

ಸಣ್ಣ ನಗರಗಳ ವಿಮಾನ ಸಂಪರ್ಕಕ್ಕಾಗಿ ಕೇಂದ್ರ ಸರ್ಕಾರ 2016ರ ಅಕ್ಟೋಬರ್‌ನಲ್ಲಿ ಉಡಾನ್ ಯೋಜನೆಯನ್ನು ಪ್ರಕಟಿಸಿತು. 2017ರ ಏಪ್ರಿಲ್ 27ರಂದು ಶಿಮ್ಲಾ ಮತ್ತು ದೆಹಲಿಗಳ ನಡುವೆ ಮೊದಲ ವಿಮಾನ ಹಾರಿತು. ಸುಮಾರು ಒಂದು ಗಂಟೆಯ, 500 ಕಿ.ಮೀ. ದೂರದ ಪ್ರಯಾಣಕ್ಕೆ ಆರಂಭದಲ್ಲಿ 2,500 ರೂಪಾಯಿ ಮಿತಿಯನ್ನು ವಿಧಿಸಲಾಗಿತ್ತು. ನಿಗದಿತ ಆಸನಗಳನ್ನು ಈ ದರದಲ್ಲಿ ಮಾರಿದ ಕಂಪನಿಗೆ ಆಗುವ ಕೊರತೆಯನ್ನು ಮೂರು ವರ್ಷ ತುಂಬಿಕೊಡುವುದು ಯೋಜನೆಯ ತಿರುಳು. ರಾಜ್ಯ ಸರ್ಕಾರಗಳೂ ಅದರಲ್ಲಿ ಪಾಲು ಕೊಡುತ್ತವೆ. ಯೋಜನೆಗೆ ಸೇರಿದ ನಿಲ್ದಾಣಗಳಲ್ಲಿ ವಿಮಾನ ಇಂಧನದ ಮೇಲಿನ ಮಾರಾಟ ತೆರಿಗೆಯನ್ನು ಶೇ. 1ಕ್ಕೆ ಇಳಿಸಲು ಒಪ್ಪಿವೆ.

ಇದರ ಫಲಿತಾಂಶವನ್ನು ಭಾರತದ ಮಹಾಲೇಖಪಾಲರು 2023ರ ತಮ್ಮ ವರದಿಯಲ್ಲಿ ಪರಿಶೀಲಿಸಿದ್ದಾರೆ. ಯೋಜನೆಯ ಮೂರನೆಯ ಸುತ್ತಿನವರೆಗೆ ಮಂಜೂರಾದ 774 ಮಾರ್ಗಗಳಲ್ಲಿ 403ರಲ್ಲಿ ಸಂಚಾರ ಆರಂಭವೇ ಆಗಲಿಲ್ಲ. ಆರಂಭವಾದ 371ರಲ್ಲಿ ಮೂರು ವರ್ಷದ ಅವಧಿ ಪೂರೈಸಿದವು 112. ಸಹಾಯಧನ ಮುಗಿದ ಮೇಲೂ 2023ರ ಮಾರ್ಚ್‌ವರೆಗೆ ಉಳಿದುಕೊಂಡವು 54. ಮಂಜೂರಾದ ನೂರು ಮಾರ್ಗಗಳಲ್ಲಿ ತಮ್ಮ ಕಾಲ ಮೇಲೆ ನಿಂತವು ಏಳು ಮಾತ್ರ. ನಮ್ಮ ರಾಜ್ಯದಲ್ಲಿಯೇ ಬೀದರ್‌ನಲ್ಲಿ 2020ರ ಫೆಬ್ರವರಿಯಲ್ಲಿ ಆರಂಭವಾದ ಸಂಚಾರ ಮುಂದೆ ನಿಂತುಹೋಗಿ ಮತ್ತೆ ಆರಂಭವಾಗಬೇಕಾಯಿತು. 2025ರ ಕೇಂದ್ರ ಮುಂಗಡಪತ್ರದಲ್ಲಿ ಪರಿಷ್ಕೃತ ಉಡಾನ್ ಮೂಲಕ ಇನ್ನೂ 120 ಸ್ಥಳಗಳನ್ನು ಸೇರಿಸುವ ಘೋಷಣೆಯಾಗಿದೆ. ಘೋಷಣೆ ಸ್ವಾಗತಾರ್ಹ. ಆದರೆ ಸಹಾಯಧನ ಮಾರ್ಗವನ್ನು ಆರಂಭಿಸಬಲ್ಲದು, ಪ್ರಯಾಣಿಕರು ಮಾತ್ರ ಅದನ್ನು ಉಳಿಸಬಲ್ಲರು ಎಂಬ ಪಾಠವನ್ನು ಮರೆಯುವಂತಿಲ್ಲ.

ಉಳಿಸಲು ಎಷ್ಟು ಪ್ರಯಾಣಿಕರು ಬೇಕು? 70 ಆಸನಗಳ ವಿಮಾನ ವಾರಕ್ಕೆ ಮೂರು ದಿನ ಹೋಗಿಬಂದರೆ ವಾರಕ್ಕೆ 420, ವರ್ಷಕ್ಕೆ 21,840 ಆಸನಗಳು. ಶೇ. 70ರಷ್ಟು ತುಂಬಬೇಕೆಂದರೆ ಸುಮಾರು 15,300 ಪ್ರಯಾಣಗಳು. ಒಂದು ಸಂಸ್ಥೆಯ ಸಾವಿರ ಸದಸ್ಯರು ತಲಾ ವರ್ಷಕ್ಕೆ ನಾಲ್ಕು ಸಲ ಹೋಗಿಬಂದರೂ 8,000 ಪ್ರಯಾಣಗಳಷ್ಟೇ ಆಗುತ್ತವೆ. ಉಳಿದ ಅರ್ಧ ಭಾಗ ವಿದ್ಯಾರ್ಥಿಗಳು, ರೋಗಿಗಳು, ವಿದೇಶಕ್ಕೆ ಹೋಗುವವರಿಂದ ಬರಬೇಕು. ಆದ್ದರಿಂದ ಈ ವಿಮಾನ ನಮ್ಮೊಬ್ಬರದಾಗಿ ನಡೆಯಲಾರದು.

ಮಳೆಗಾಲದ ಪ್ರಶ್ನೆ

ಇಷ್ಟೆಲ್ಲ ಲೆಕ್ಕ ಮಾಡುವ ಬದಲು ಒಳ್ಳೆಯ ರಸ್ತೆಯನ್ನೇ ಕೇಳಬಾರದೇಕೆ ಎಂದು ಕೆಲವರು ಹೇಳಬಹುದು. ಅದಕ್ಕೆ ಉತ್ತರ ಘಟ್ಟದಲ್ಲಿದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿಯಾಯಿತು. ಕರಾವಳಿಯ ಹೆದ್ದಾರಿ ಹಲವು ದಿನ ಮುಚ್ಚಿತು. ಅದೇ ತಿಂಗಳಲ್ಲಿ ಸಕಲೇಶಪುರ ಮತ್ತು ಸುಬ್ರಹ್ಮಣ್ಯಗಳ ನಡುವಿನ ಘಟ್ಟದ ರೈಲುಮಾರ್ಗದಲ್ಲೂ ಮಣ್ಣು ಕುಸಿದು ರೈಲುಗಳು ನಿಂತವು. ರಸ್ತೆ ಮತ್ತು ರೈಲು ಎರಡೂ ಒಟ್ಟಿಗೆ ನಿಂತಾಗ ವಿಮಾನವೊಂದೇ ದಾರಿ. ಆದರೆ ಮಳೆ, ಮೋಡ, ಮಂಜು ವಿಮಾನವನ್ನೂ ಬಿಡುವುದಿಲ್ಲ. ಬಜ್ಪೆಯ ನಿಲ್ದಾಣ ಗುಡ್ಡದ ತಲೆಯನ್ನು ಸಮತಟ್ಟು ಮಾಡಿ ಕಟ್ಟಿದ್ದು. 2010ರ ಮೇ 22ರ ದುರಂತದಲ್ಲಿ ಅಲ್ಲಿ 158 ಜನ ಪ್ರಾಣ ಕಳೆದುಕೊಂಡರು. ಅಂಥ ನಿಲ್ದಾಣದಲ್ಲಿ ಹವೆ ಸರಿಯಿಲ್ಲದಾಗ ಇಳಿಯದೆ ಬೇರೆಡೆಗೆ ಹೋಗುವುದೇ ವಿವೇಕ. ಮಳೆಗಾಲದಲ್ಲಿ ಮುಖ್ಯ ಕೆಲಸಕ್ಕೆ ಹೊರಡುವವರು ವೇಳೆಯಲ್ಲಿ ಸ್ವಲ್ಪ ಅಂತರವಿಟ್ಟುಕೊಳ್ಳುವುದು ಲೇಸು.

ವಿಮಾನ ಮನುಷ್ಯರನ್ನು ಒಯ್ಯುತ್ತದೆಯೇ ಹೊರತು ಮೆಣಸಿನಕಾಯಿಯ ಚೀಲಗಳನ್ನಲ್ಲ ಎಂಬುದನ್ನೂ ಇಲ್ಲಿ ನೆನಪಿಸಬೇಕು. ನಮ್ಮ ಸರಕು ಲಾರಿಯಲ್ಲೇ ಹೋಗುತ್ತದೆ. 1990ರ ದಶಕದಿಂದ ಅರಣ್ಯದ ಪ್ರಶ್ನೆಯಲ್ಲಿ ಸಿಲುಕಿರುವ ಹುಬ್ಬಳ್ಳಿ–ಅಂಕೋಲಾ ರೈಲುಮಾರ್ಗದ ವಿಷಯವನ್ನು, ಪರಿಸರದ ಆಕ್ಷೇಪಣೆಗಳಿಗೆ ತೃಪ್ತಿಕರ ಉತ್ತರ ದೊರೆಯುವ ರೀತಿಯಲ್ಲಿ, ತೀರ್ಮಾನಕ್ಕೆ ತರಬೇಕೆಂಬ ಒತ್ತಾಯವನ್ನು ವಿಮಾನದ ಉತ್ಸಾಹದಲ್ಲಿ ಕೈಬಿಡಬಾರದು.

ಸಂಸ್ಥೆ ಕೈಗೊಳ್ಳಬೇಕಾದ ಕ್ರಮಗಳು

ಈ ಹಿನ್ನೆಲೆಯಲ್ಲಿ ಕೆಲವು ಸಲಹೆಗಳನ್ನು ಸಂಸ್ಥೆಯ ಪದಾಧಿಕಾರಿಗಳ ಹಾಗೂ ಸದಸ್ಯರ ಪರಿಶೀಲನೆಗೆ ಸಲ್ಲಿಸುತ್ತೇನೆ.

1. ಆರು ತಿಂಗಳ ಕಾಲ ಸದಸ್ಯರ ಮಂಗಳೂರು ಪ್ರಯಾಣಗಳ ದಾಖಲೆಯನ್ನು ಸಂಗ್ರಹಿಸಬೇಕು. ಹೊರಟ ದಿನ, ಕೆಲಸದ ಸ್ವರೂಪ, ಹೋದ ವಾಹನ, ಹಿಡಿದ ವೇಳೆ, ತಂಗಿದ ರಾತ್ರಿಗಳು, ನೇರ ವಿಮಾನಕ್ಕೆ ಕೊಡಲು ಸಿದ್ಧವಿರುವ ಗರಿಷ್ಠ ದರ ಇಷ್ಟನ್ನು ಒಂದು ಪುಟದ ನಮೂನೆಯಲ್ಲಿ ತುಂಬಿಸಬಹುದು. ಹೆಸರು ಬರೆಯುವ ಅಗತ್ಯವಿಲ್ಲ.

2. ಮಂಗಳೂರಿನ ವಾಣಿಜ್ಯ ಸಂಸ್ಥೆಯೂ ಅದೇ ನಮೂನೆಯಲ್ಲಿ ತನ್ನ ಸದಸ್ಯರ ಮಾಹಿತಿ ಸಂಗ್ರಹಿಸುವಂತೆ ಕೋರಬೇಕು. ಒಂದೇ ಬದಿಯಿಂದ ತುಂಬುವ ವಿಮಾನ ಮರಳುವಾಗ ಖಾಲಿಯಾಗಿರುತ್ತದೆ. ಆಸ್ಪತ್ರೆಗಳು ಮತ್ತು ಕಾಲೇಜುಗಳಿಂದಲೂ ಅಂದಾಜು ಪಡೆಯಬೇಕು.

3. ಮನವಿಪತ್ರದಲ್ಲಿ "ನೇರ ವಿಮಾನ" ಎಂಬುದರ ಬದಲು "ಬೆಳಗ್ಗೆ ಹೋಗಿ ಸಂಜೆ ಮರಳುವ ವಿಮಾನ" ಎಂದು ಸ್ಪಷ್ಟವಾಗಿ ಬರೆಯಬೇಕು. ಪ್ರತಿದಿನ ಸಾಧ್ಯವಾಗದಿದ್ದರೆ ವಾರದಲ್ಲಿ ಎರಡು ದಿನವಾದರೂ ಸರಿ, ಅದೇ ದಿನ ಮರಳುವಂತಿರಬೇಕು. ಹುಬ್ಬಳ್ಳಿಯಲ್ಲಿ ವಿಮಾನ ರಾತ್ರಿ ತಂಗುವ ವ್ಯವಸ್ಥೆಯನ್ನು ಇದರೊಂದಿಗೆ ಕೇಳಬೇಕು.

4. ಆಸನಗಳಿಗೆ ಸಂಸ್ಥೆಯೇ ಹಣದ ಖಾತರಿ ಕೊಡಬೇಕೆಂಬ ಸಲಹೆ ಬಂದರೆ ಆತುರಪಡಬಾರದು. ಖಾತರಿಯೆಂದರೆ ಹೊಣೆಗಾರಿಕೆ, ಅದು ಸದಸ್ಯರ ಹಣದ ಮೇಲೆ ಬೀಳುತ್ತದೆ. ಮೊದಲ ಸಲಹೆಯ ಅಂಕಿಗಳು ಕೈಸೇರುವವರೆಗೆ, ಮಿತಿ ಮತ್ತು ಅವಧಿಯನ್ನು ಬರವಣಿಗೆಯಲ್ಲಿ ನಿಗದಿಪಡಿಸುವವರೆಗೆ, ಅಂಥ ಒಪ್ಪಂದಕ್ಕೆ ಕೈಹಾಕುವುದು ಸೂಕ್ತವಲ್ಲ. ಅದಕ್ಕಿಂತ, ಸದಸ್ಯರು ತಮ್ಮ ಪ್ರಯಾಣದ ಟಿಕೆಟ್‌ಗಳನ್ನು ಮುಂಗಡವಾಗಿ ತಾವೇ ಕೊಳ್ಳುವ ವ್ಯವಸ್ಥೆ ಕ್ಷೇಮ.

5. ಎರಡೂ ನಿಲ್ದಾಣಗಳಿಂದ ನಗರ ಮತ್ತು ಕೈಗಾರಿಕಾ ಪ್ರದೇಶಗಳಿಗೆ, ವಿಶೇಷವಾಗಿ ಬಜ್ಪೆಯಿಂದ ಪಣಂಬೂರಿಗೆ, ವಿಮಾನದ ವೇಳೆಗೆ ಹೊಂದುವ ಬಸ್ಸುಗಳನ್ನು ರಸ್ತೆ ಸಾರಿಗೆ ನಿಗಮಗಳಿಂದ ಕೇಳಬೇಕು. ಇದಕ್ಕೆ ದೆಹಲಿಯ ಅನುಮತಿ ಬೇಕಾಗಿಲ್ಲ.

6. ನೇರ ವಿಮಾನ ಬರುವವರೆಗೆ ಬೆಂಗಳೂರಿನಲ್ಲಿ ಕಾಯುವ ವೇಳೆಯನ್ನು ಎರಡು ಗಂಟೆಯೊಳಗೆ ತರುವಂತೆ ಹುಬ್ಬಳ್ಳಿಯ ಬೆಳಗಿನ ವಿಮಾನಕ್ಕೂ ಮಂಗಳೂರಿನ ವಿಮಾನಕ್ಕೂ ಹೊಂದಾಣಿಕೆ ಮಾಡಬೇಕೆಂದು ಕಂಪನಿಗಳಿಗೆ ಬರೆಯಬಹುದು. ಹೊಸ ವಿಮಾನವಿಲ್ಲದೆ, ಸಹಾಯಧನವಿಲ್ಲದೆ, ವೇಳಾಪಟ್ಟಿಯ ಬದಲಾವಣೆಯಿಂದಲೇ ಇದು ಸಾಧ್ಯ. ವೇಳಾಪಟ್ಟಿಗಳು ಮಾರ್ಚ್ ಮತ್ತು ಅಕ್ಟೋಬರ್ ಕೊನೆಯಲ್ಲಿ ವರ್ಷಕ್ಕೆ ಎರಡು ಸಲ ಬದಲಾಗುವುದರಿಂದ, ಪತ್ರಗಳು ಅದಕ್ಕೆ ಕೆಲವು ತಿಂಗಳ ಮುಂಚೆಯೇ ತಲುಪಿರಬೇಕು.

ವಿಮಾನ ಕಂಪನಿಗಳೂ ನಮ್ಮಂತೆಯೇ ವ್ಯಾಪಾರಸ್ಥರು. ಗಿರಾಕಿ ಎಷ್ಟು ಮಂದಿ, ಯಾವ ವೇಳೆಗೆ ಬರುವರು, ಏನು ಕೊಡುವರು ಎಂದು ತಿಳಿದ ಮೇಲೆಯೇ ಅವರು ಅಂಗಡಿಯ ಬಾಗಿಲು ತೆರೆಯುತ್ತಾರೆ. ಈ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಕೈಯಲ್ಲಿ ಹಿಡಿದು ಹೋಗುವ ಸಂಸ್ಥೆಯ ಮಾತಿಗೆ ಬೆಲೆ ಹೆಚ್ಚು. ಪ್ರಯಾಣದ ದಾಖಲೆಯ ನಮೂನೆಯನ್ನು ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಅಂಗೀಕರಿಸಿ, ಅದರ ಮುಂದಿನ ಸಂಚಿಕೆಯೊಂದಿಗೆ ಸದಸ್ಯರೆಲ್ಲರಿಗೂ ಕಳುಹಿಸಬೇಕೆಂದು ವಿನಂತಿಸುತ್ತೇನೆ.